ಪಕ್ಕದ ಮನೆಯ ಟ್ರಂಕು, ನಿಮ್ಮ ಫೋನು

ಓದುಗರ ಪತ್ರ (ಸಾರಾಂಶ): ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಪಕ್ಕದ ಮನೆಯಾಕೆಯ ಹಿರಿಯರು ನಾರ್ವೆಯಿಂದ ಬಂದವರು. ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುತ್ತಿದ್ದಾರೆ. ಒಂದು ಟ್ರಂಕಿನ ತುಂಬ ಹಳೆಯ ಕಾಗದಗಳು, ಚರ್ಚಿನ ರಸೀದಿಗಳು, ಹಾಲಿನ ಲೆಕ್ಕದ ಪುಸ್ತಕ. ಆ ಬರಹವನ್ನು ಓದಲು ಮನೆಯಲ್ಲಿ ಯಾರಿಗೂ ಬಾರದು. ಫೋನಿನಲ್ಲಿ ಫೋಟೋ ತೆಗೆದುಕೊಂಡು ಉಳಿದದ್ದನ್ನು ಕಸಕ್ಕೆ ಹಾಕಿ ಎಂದು ಸಲಹೆ ಕೊಟ್ಟೆ. ಆಮೇಲೆ ನಾರ್ವೆಯವರ ಅಮೆರಿಕ ವಲಸೆಗೆ ಇನ್ನೂರು ವರ್ಷ ತುಂಬಿದ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಮುಖ್ಯವಾದದ್ದೆಲ್ಲ ಪುಸ್ತಕಗಳಲ್ಲಿ ಬಂದಿರುವಾಗ ಯಾರದೋ ಹಾಲಿನ ಲೆಕ್ಕ ಯಾರಿಗೆ ಬೇಕು? ಇದು ಬರೀ ಭಾವುಕತೆ ಅಲ್ಲವೇ?

ಸಂಪಾದಕರ ಉತ್ತರ:

ಆಕೆ ನಿಮ್ಮ ಮಾತು ಇನ್ನೂ ಕೇಳಿಲ್ಲವೆಂದಾದರೆ ಈಗಲೇ ಎದ್ದು ಹೋಗಿ ತಡೆಯಿರಿ. ಜಗಳ ಆಮೇಲೆ ಆಡೋಣ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಲೋಕದ ಕಾಗದವನ್ನೆಲ್ಲ ಯಾರೂ ಕಾಪಾಡಲಾರರು. ಜಾಗಕ್ಕೆ ದುಡ್ಡು ಬೇಕು, ಮನೆ ಮಾರುವವರಿಗೆ ಗಡುವಿರುತ್ತದೆ. ಒಪ್ಪಿದೆ. ಆದರೆ ಮುಖ್ಯವಾದದ್ದೆಲ್ಲ ಪುಸ್ತಕದಲ್ಲಿದೆ ಅಂದಿರಲ್ಲ, ಆ ಪುಸ್ತಕಕ್ಕೆ ಅದು ಎಲ್ಲಿಂದ ಬಂತು ಸ್ವಾಮಿ?

ಗ್ರೋ ಸ್ವೆನ್ಸೆನ್ ಎಂಬ ಹೆಣ್ಣುಮಗಳ ಹೆಸರು ನೀವು ಕೇಳಿರಲಿಕ್ಕಿಲ್ಲ. ನಾರ್ವೆಯ ಹಾಲಿಂಗ್‌ಡಾಲ್ ಕಣಿವೆಯವಳು. 1862ರಲ್ಲಿ ಗಂಡನ ಜೊತೆ ಹಡಗು ಹತ್ತಿ ಬಂದು ಅಯೋವಾದ ಬಯಲಿನಲ್ಲಿ ಸಂಸಾರ ಹೂಡಿದಳು. ತಂದೆತಾಯಿಗೆ ಕಾಗದ ಬರೆಯುತ್ತಲೇ ಇದ್ದಳು. ಅದರಲ್ಲಿ ಘನಂದಾರಿ ವಿಷಯವೇನಿಲ್ಲ. ಇಲ್ಲಿಯ ಸೆಕೆಗೆ ಹಾಲು ನಿಲ್ಲುವುದಿಲ್ಲ, ಊರಲ್ಲಿ ಇಟ್ಟ ಹಾಗೆ ಇಲ್ಲಿ ಇಡಲಾಗದು ಎಂದು ಬರೆದಳು. ಗುಡುಗು ಸಿಡಿಲಿನ ಅಬ್ಬರ ಬರೆದಳು. 1878ರಲ್ಲಿ, ಹತ್ತನೆಯ ಮಗು ಹುಟ್ಟಿದ ವರ್ಷವೇ, ತೀರಿಕೊಂಡಳು. ಊರಿನವರು ಆ ಕಾಗದಗಳನ್ನು ಒಲೆಗೆ ಹಾಕಲಿಲ್ಲ. ಅದರಿಂದಾಗಿ 1950ರಲ್ಲಿ ಅವು ಅಚ್ಚಾದವು, ಬಯಲುಸೀಮೆಗೆ ಬಂದ ಹೆಂಗಸರ ಬದುಕು ಹೇಗಿತ್ತೆಂದು ಕೇಳುವವರು ಇವತ್ತಿಗೂ ಅವನ್ನು ತೆರೆಯುತ್ತಾರೆ. ಹಾಲಿನ ಲೆಕ್ಕವನ್ನು ಹಂಗಿಸಿದಿರಿ, ಅದಕ್ಕೇ ಈ ಹಾಲಿನ ಕಥೆ.

ಇನ್ನೊಬ್ಬಳು ಎಲಿಸಬೆತ್ ಕೋರೆನ್, ಪಾದ್ರಿಯ ಹೆಂಡತಿ. 1853ರ ಕೊನೆಗೆ ಅಯೋವಾದ ಡೆಕೋರಾ ಬಳಿಗೆ ಬಂದಾಗ ಇರಲು ಮನೆಯಿಲ್ಲ. ಎಗ್ಗೆ ಎಂಬ ರೈತನ ಒಂದೇ ಕೋಣೆಯ ಮರದ ಗುಡಿಸಲಿನಲ್ಲಿ ಎರಡು ಸಂಸಾರ, ನಡುವೆ ಒಂದು ಪರದೆ. ಆಕೆ ದಿನಚರಿ ಬರೆದಳು. ಆ ಗುಡಿಸಲು ಈಗ ಡೆಕೋರಾದ ವೆಸ್ಟರ್‌ಹೈಮ್ ವಸ್ತುಸಂಗ್ರಹಾಲಯದಲ್ಲಿದೆ. ದಿನಚರಿ ಇಲ್ಲದಿದ್ದರೆ ಅದು ನಾಲ್ಕು ಗೋಡೆಯ ಹಳೆಯ ಮರ, ಅಷ್ಟೆ. ಪರದೆಯ ಸುದ್ದಿ ಗೋಡೆ ಹೇಳುತ್ತದೆಯೇ?

1825ರಲ್ಲಿ ನಾರ್ವೆಯ ಸ್ಟಾವಂಗರ್‌ನಿಂದ 52 ಜನರನ್ನು ಹೊತ್ತು ಹೊರಟ ‘ರೆಸ್ಟೊರೇಶನ್’ ಎಂಬ ಪುಟ್ಟ ಹಡಗು, ದಾರಿಯಲ್ಲಿ ಒಂದು ಕೂಸು ಹುಟ್ಟಿ, 53 ಜನರೊಂದಿಗೆ ನ್ಯೂಯಾರ್ಕ್ ಮುಟ್ಟಿತೆಂದು ನಮ್ಮ ಲೇಖನದಲ್ಲೇ ಓದಿದ್ದೀರಿ. ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಹಾಗೆ ಹೋದರು. 1801ರಲ್ಲಿ ಇಡೀ ನಾರ್ವೆಯ ಜನಸಂಖ್ಯೆಯೇ ಒಂಬತ್ತು ಲಕ್ಷ ಮುಟ್ಟಿರಲಿಲ್ಲ! 1925ರ ಜೂನ್‌ನಲ್ಲಿ ನಿಮ್ಮ ಸೇಂಟ್ ಪಾಲ್ ಹತ್ತಿರದ ಜಾತ್ರೆಯ ಮೈದಾನದಲ್ಲಿ ಶತಮಾನೋತ್ಸವ ನಡೆಯಿತು. ಅಮೆರಿಕದ ಅಧ್ಯಕ್ಷ ಕೂಲಿಜ್ ಖುದ್ದಾಗಿ ಬಂದು ಭಾಷಣ ಮಾಡಿದರು. ಆ ಹಡಗಿನ ಚಿತ್ರವಿದ್ದ ಅಂಚೆಚೀಟಿಯೂ ಬಂತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅಕ್ಟೋಬರ್‌ನ ಕೆಲಸ. ಚಪ್ಪರ ಬಿಚ್ಚಿದ ಮೇಲೆ ಒಂದಷ್ಟು ಜನ ನಿಮ್ಮ ಮಿನೆಸೋಟಾದ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿನಲ್ಲಿ ಕೂತು ನಾರ್ವೇಜಿಯನ್-ಅಮೆರಿಕನ್ ಇತಿಹಾಸ ಸಂಘ ಕಟ್ಟಿದರು. ಮೀನುಗಾರನಾಗಿದ್ದು ಪ್ರಾಧ್ಯಾಪಕನಾದ ಕಾದಂಬರಿಕಾರ ರೋಲ್ವಾಗ್ ಕಾರ್ಯದರ್ಶಿ, ಇತಿಹಾಸಕಾರ ಥಿಯೋಡರ್ ಬ್ಲೆಗನ್ ಸಂಪಾದಕ. ರೈತರ, ಆಳುಗಳ, ಹೆಂಗಸರ ಕಾಗದಗಳಲ್ಲೇ ಇತಿಹಾಸ ಇದೆಯೆಂದು ನಂಬಿ ಕೂಡಿಡತೊಡಗಿದರು. ಭಾಷಣ ಎಷ್ಟು ಜನಕ್ಕೆ ನೆನಪಿದೆಯೋ ತಿಳಿಯದು. ಆ ಕಾಗದಪತ್ರ ಭಂಡಾರ ಮಾತ್ರ ನೂರು ವರ್ಷದ ಮೇಲೂ ಅದೇ ಕಾಲೇಜಿನಲ್ಲಿ ಬಾಗಿಲು ತೆರೆದಿದೆ.

ಆಂಡ್ರಿಯಾಸ್ ರೋಬರ್ಗ್ ಎಂಬ ಪುಣ್ಯಾತ್ಮನ ಕೆಲಸವೂ ಅಲ್ಲಿದೆ. ನಾರ್ವೇಜಿಯನ್-ಅಮೆರಿಕನ್ ಪತ್ರಿಕೆಗಳಿಂದ ಸಾವಿನ ಸುದ್ದಿಗಳನ್ನು ಕತ್ತರಿಸಿ ಕತ್ತರಿಸಿ ಕಾರ್ಡುಗಳಿಗೆ ಅಂಟಿಸಿಟ್ಟವನು. ಮುತ್ತಜ್ಜನನ್ನು ಹುಡುಕಿಕೊಂಡು ಬರುವವರು ಇಂದಿಗೂ ಆ ಕಾರ್ಡುಗಳನ್ನು ತಿರುವುತ್ತಾರೆ. ನನಗೆ ಗೊತ್ತಿರುವ ಹುಚ್ಚುಗಳಲ್ಲೆಲ್ಲ ಇದು ಉತ್ತಮವಾದ ಹುಚ್ಚು.

ಇನ್ನು ನಿಮ್ಮ ನೆರೆಯಾಕೆಯ ಕಾಗದಗಳು. ಕಾಗದ ಬರೆದವರ ಹತ್ತಿರ ಉಳಿಯುವುದಿಲ್ಲ, ಪಡೆದವರ ಹತ್ತಿರ ಉಳಿಯುತ್ತದೆ. ಅಮೆರಿಕದಿಂದ ಹೋದ ಪತ್ರಗಳು ನಾರ್ವೆಯ ಹಳ್ಳಿಗಳಲ್ಲಿ ಮನೆಯಿಂದ ಮನೆಗೆ ಓಡಾಡಿದವು, ನಕಲಾದವು, ಪತ್ರಿಕೆಗಳಲ್ಲಿ ಬಂದವು. ಮುಂದೆ ವಿದ್ವಾಂಸರು ಅವನ್ನು ಹುಡುಕಿ ಸಂಪುಟಗಳನ್ನೇ ತಂದರು. ಅದಕ್ಕೆ ಊರಿನ ಅಮ್ಮ, ಅಣ್ಣ ಬರೆದ ಉತ್ತರಗಳೆಲ್ಲಿ? ಮಿನೆಸೋಟಾ, ಡಕೋಟಾಗಳ ಅಟ್ಟದ ಮೇಲೆ. ಅರ್ಧ ಸಂಭಾಷಣೆಯನ್ನು ಕಸಕ್ಕೆ ಹಾಕಿ ಎಂದು ನೀವು ಹೇಳಿದ ಹಾಗಾಯಿತು.

ಮನೆಯಲ್ಲಿ ಯಾರಿಗೂ ಓದಲು ಬಾರದು ಎಂಬುದನ್ನೂ ಸಸಾರ ಮಾಡಬೇಡಿ. 1918ರಲ್ಲಿ, ಯುದ್ಧದ ಉನ್ಮಾದದಲ್ಲಿ, ಅಯೋವಾದ ಗವರ್ನರ್ ಹಾರ್ಡಿಂಗ್ ಒಂದು ಫರ್ಮಾನು ಹೊರಡಿಸಿದ. ಶಾಲೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಕೊನೆಗೆ ಚರ್ಚಿನ ಪ್ರವಚನದಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ನುಡಿ ಕೂಡದು! ಅಂಥ ಗಾಳಿ ಬೀಸಿದ ಮೇಲೆ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ತಮ್ಮ ನುಡಿ ಕಲಿಸುವುದನ್ನೇ ಬಿಟ್ಟರು. ಜೊತೆಗೆ ಹಳೆಯ ಕಾಗದಗಳಲ್ಲಿರುವುದು ಗಾಥಿಕ್ ಮೋಡಿ ಅಕ್ಷರ, ಇಂದಿನ ನಾರ್ವೆಯವರಿಗೂ ಅದು ಸಲೀಸಲ್ಲ. ಆದರೆ ಓದಬಲ್ಲವರು ಇದ್ದಾರೆ, ಕಾಗದ ಉಳಿದಿದ್ದರೆ ತಾನೇ ಅವರಿಗೆ ಕೆಲಸ?

ಫೋನಿನ ಮಾತು. ಫೋಟೋ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಲಕೋಟೆಯ ಮೇಲಿನ ಅಂಚೆ ಮುದ್ರೆ, ಹಿಂಬದಿಯ ಕೂಡು-ಕಳೆ ಲೆಕ್ಕ, ದಾರ ಕಟ್ಟಿದ ಕಂತೆಯೊಳಗಿನ ಕ್ರಮ, ಇದನ್ನೆಲ್ಲ ಅವಸರದವರು ತೆಗೆಯುವುದಿಲ್ಲ. ತೆಗೆದ ಚಿತ್ರಗಳಾದರೂ ಹಾಳಾದ ಫೋನಿನ ಜೊತೆಗೇ ಹೋಗುತ್ತವೆ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. ನಿಮ್ಮ ಕಡೆಯ ಕನ್ನಡ ಕೂಟಗಳ ಸಮ್ಮೇಳನದ ಆಹ್ವಾನ ನನಗೂ ಬರುತ್ತದೆ. ಶಾಲು, ಹಾರ, ಮೈಸೂರು ಪೇಟ, ಜಾಹೀರಾತು ತುಂಬಿದ ಸ್ಮರಣ ಸಂಚಿಕೆ. ಯಾವುದಕ್ಕೂ ಕೊರತೆಯಿಲ್ಲ. ಕೂಟದ ಮೊದಲ ಸಭೆಯ ಕೈಬರಹದ ನಡವಳಿ, ಊರಿನಿಂದ ಬಂದ ನೀಲಿ ಏರೋಗ್ರಾಂಗಳು ಎಲ್ಲಿವೆ ಎಂದು ಕೇಳಿ ನೋಡಿ, ಬೇಸ್‌ಮೆಂಟ್ ಕಡೆ ಕೈ ತೋರಿಸುತ್ತಾರೆ. ಅಮೆರಿಕದಲ್ಲಿ ನಮ್ಮ ಉಪಖಂಡದವರ ದಾಖಲೆಗಳಿಗಾಗಿಯೇ 2008ರಲ್ಲಿ ‘ಸಾದಾ’ ಎಂಬ ಡಿಜಿಟಲ್ ಭಂಡಾರ ಶುರುವಾಗಿದೆ. ಅವರು ಚೆನ್ನಾಗಿ ಸ್ಕ್ಯಾನ್ ಮಾಡಿ ಮೂಲವನ್ನು ವಾಪಸು ಕೊಡುತ್ತಾರೆ. ನಿಮ್ಮಲ್ಲಿ ಎಷ್ಟು ಜನ ಅವರಿಗೆ ಬರೆದಿದ್ದೀರಿ? ಇಲ್ಲಿಯ ಕಥೆಯೂ ಅಷ್ಟೇ. ಹಳೆಯ ವಾರಪತ್ರಿಕೆಯೊಂದರ ಸಂಪುಟ ಹುಡುಕಿಕೊಂಡು ಒಂದು ಗ್ರಂಥಾಲಯಕ್ಕೆ ಹೋಗಿದ್ದೆ. ‘ಹುಳ ಹಿಡಿದಿತ್ತು ಸಾರ್, ತೂಕಕ್ಕೆ ಹಾಕಿ ರ‍್ಯಾಕ್ ಕ್ಲೀನ್ ಮಾಡಿಸಿದೆವು’ ಎಂದು ಹೆಮ್ಮೆಯಿಂದ ಖಾಲಿ ರ‍್ಯಾಕ್ ತೋರಿಸಿದರು. ಅಜ್ಜಂದಿರ ಕಡತಗಳು ಎಷ್ಟು ಮನೆಗಳಿಂದ ಹೀಗೆ ಸಾಗಿಹೋದವೋ.

ನಿಮಗೊಬ್ಬರಿಗೇ ಬೈದು ಪ್ರಯೋಜನವಿಲ್ಲ, ಬಿಡಿ. ಪಕ್ಕದ ಮನೆಯ ಕಾಗದ ಕಂಡು ಇಷ್ಟುದ್ದದ ಪತ್ರ ಬರೆದಿರಲ್ಲ, ಅಲ್ಲಿಗೇ ನಿಮ್ಮೊಳಗೆ ಎಲ್ಲೋ ಮುಳ್ಳು ಚುಚ್ಚಿದೆ. ಆಕೆಗೆ ಹೇಳಿ: ಕಂತೆ ಬಿಚ್ಚಬೇಡಿ, ಮುಖ್ಯವಾದವೆಂದು ನಾಲ್ಕನ್ನು ಆರಿಸಬೇಡಿ, ಟೇಪು, ಲ್ಯಾಮಿನೇಶನ್ ಮುಟ್ಟಲೇಬೇಡಿ. ಫೋಟೋಗಳಲ್ಲಿ ಯಾರಿದ್ದಾರೆಂದು ಗೊತ್ತಿದ್ದರೆ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಮನೆಯ ಗುಟ್ಟೇನಾದರೂ ಇದ್ದರೆ, ಇಂತಿಷ್ಟು ವರ್ಷ ತೆರೆಯಬಾರದೆಂಬ ಷರತ್ತಿನ ಬಗ್ಗೆ ನಾರ್ತ್‌ಫೀಲ್ಡ್‌ನ ಭಂಡಾರದವರೊಡನೆ ಮೊದಲೇ ಮಾತಾಡಲಿ. ನಾರ್ತ್‌ಫೀಲ್ಡ್‌ಗೆ ಬರೆಯುವಾಗ ಹಿರಿಯರು ಬಿಟ್ಟು ಬಂದ ಹಳ್ಳಿಯ ಹೆಸರು, ಅವರ ಜಮೀನಿನ ಹೆಸರು ತಪ್ಪದೆ ಹಾಕಲಿ. ಬರೀ ಓಲ್ಸನ್ ಮನೆಯವರು ಎಂದರೆ ಮಿನೆಸೋಟಾದಲ್ಲಿ ಯಾವ ಓಲ್ಸನ್ ಅಂತ ಹುಡುಕುತ್ತಾರೆ ಪಾಪ?