ಪ್ರತಿಕ್ರಿಯೆ: ಹೋಂಸ್ಟೇಯಲ್ಲಿ ಇಸ್ಪೀಟಿನ ಟೇಬಲ್‌ಗೆ ದುಡ್ಡು ತಗೋಬಹುದಾ?

ಸಾರ್, ಗೆಸ್ಟ್‌ಗಳು ರಾತ್ರಿ ಇಸ್ಪೀಟು ಆಡ್ತಾರೆ, ಗೆದ್ದ ದುಡ್ಡಲ್ಲಿ ಟೇಬಲ್‌ಗೆ ಇಷ್ಟು ಅಂತ ಇಟ್ಕೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸಿಕ್ಕಿಬೀಳೋದೇ ಅಲ್ಲಿ.

ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ ಸಿಕಂದರಾಬಾದಿನ ಕ್ಲಬ್ಬೊಂದರ ಕೇಸಲ್ಲಿ ಹೇಳಿದೆ, 1967ರಲ್ಲೇ. ಇಸ್ಪೀಟಿನ ಕಟ್ಟಿಗೆ, ಕೂರೋದಕ್ಕೆ ಸಣ್ಣ ಶುಲ್ಕ ತಗೊಂಡ್ರೆ ತಪ್ಪಿಲ್ಲ ಅಂತಲೂ ಇದೆ. ಆದರೆ ಪಣದ ಆಟದಿಂದ ಜಾಗದ ಮಾಲೀಕ ಲಾಭ ಮಾಡಿಕೊಂಡರೆ ಅಪರಾಧ ಆಗಬಹುದು ಅಂತಲೂ ಅದೇ ತೀರ್ಪು ಹೇಳುತ್ತೆ. ನೀವು ಕೇಳ್ತಿರೋದು ಇದನ್ನೇ ಅಲ್ವಾ?

ಮೂರೆಲೆ, ಅಂದರ್-ಬಾಹರ್ ಆದ್ರೆ ಆ ಚರ್ಚೆಗೂ ಜಾಗವಿಲ್ಲ, ಅವು ಬರೀ ಅದೃಷ್ಟದ ಆಟ. ಕರ್ನಾಟಕ ಪೊಲೀಸ್ ಕಾಯ್ದೆಯ 79ನೇ ಸೆಕ್ಷನ್ ಜೂಜಿನ ಅಡ್ಡೆ ನಡೆಸೋರಿಗೆ, 80 ಆಡೋರಿಗೆ. ನಿಮ್ಮ ಹೆಸರು ಮೊದಲನೇದರಲ್ಲಿ ಬರುತ್ತೆ! ರೂಂ ಬಾಡಿಗೆ, ಊಟದ ಬಿಲ್ ಅಷ್ಟೇ ತಗೊಳ್ಳಿ. ಮೇಜಿನ ಮೇಲೆ ನೋಟು ಕಂಡರೆ, ‘ಅಣ್ಣಾ, ಇಲ್ಲಿ ಬೇಡ’ ಅಂತ ಆಗಲೇ ಹೇಳಿಬಿಡಿ.