ಇನ್ಸುಲಿನ್ ಶುರುವಾದ್ಮೇಲೆ ಮಗಳು ದಪ್ಪ ಆಗ್ತಿದಾಳೆ

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ 11 ವರ್ಷ. ಹೋದ ವರ್ಷ ಟೈಪ್ 1 ಶುಗರ್ ಅಂತ ಗೊತ್ತಾದಾಗ 27 ಕೆಜಿಗೆ ಇಳಿದು ಕಡ್ಡಿ ಥರ ಆಗಿದ್ಲು, ಈಗ 41. ಇನ್ಸುಲಿನ್ನಿಂದ್ಲೇ ಊದ್ಕೊಂಡಿದಾಳೆ, ಡೋಸ್ ಕಮ್ಮಿ ಮಾಡು ಅಂತಾರೆ ನಮ್ಮತ್ತೆ. ನಮ್ಮನೆ ಜೀನ್ಸೇ ಹಂಗೆ ಬಿಡು ಅಂತಾರೆ ಯಜಮಾನ್ರು. ಯಾರ ಮಾತು ಕೇಳ್ಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಇಬ್ರದ್ದೂ ಸ್ವಲ್ಪ ಸ್ವಲ್ಪ ಸರಿ ಕಣಮ್ಮ, ಆದ್ರೆ ಡೋಸ್ ಮಾತ್ರ ನೀವಾಗೇ ಮುಟ್ಬೇಡಿ. ಮೊದಲ್ನೇದಾಗಿ ಲೆಕ್ಕ 27ರಿಂದ ಶುರು ಮಾಡ್ಬೇಡಿ, ಅದು ಕಾಯಿಲೆ ತಿಂದುಳಿಸಿದ್ದ ತೂಕ. ಕಾಯಿಲೆಗೆ ಮುಂಚೆ ಎಷ್ಟಿದ್ಲು? ಇನ್ಸುಲಿನ್ ಇಲ್ದೇ ಇದ್ದಾಗ ಉಂಡಿದ್ದ ಸಕ್ಕರೆ ಮೂತ್ರದಲ್ಲಿ ಸೋರಿ ಹೋಗ್ತಿತ್ತು, ಮೈಯಲ್ಲಿದ್ದ ಕೊಬ್ಬು ಸ್ನಾಯು ಎಲ್ಲಾ ಕರಗ್ತಿತ್ತು, ಈಗ ಆ ಸೋರಿಕೆ ನಿಂತಿದೆ, ಅದೇ ಮುದ್ದೆ ಅದೇ ಅನ್ನ ಮೈಗೆ ಹತ್ತುತ್ತೆ. ಜೊತೆಗೆ ಇದು ಮೈನೆರೆಯೋ ವಯಸ್ಸು, ಎತ್ತರಾನೂ ನೋಡ್ಬೇಕು.

ಜೀನ್ಸ್ ವಿಷ್ಯ. ಟೈಪ್ 1 ಬರೋಕೆ ದಾರಿ ಮಾಡೋ ಮುಖ್ಯ ಜೀನ್‌ಗಳು ಎಚ್‌ಎಲ್‌ಎ ಅಂತ, ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟವು. ತೂಕದ ಜೀನ್‌ಗಳೇ ಬೇರೆ. 2007ರಲ್ಲಿ ಸಿಕ್ಕಿದ ಎಫ್‌ಟಿಒ ಅನ್ನೋದು ಹೆಸರುವಾಸಿ, ಅಪ್ಪ ಅಮ್ಮ ಇಬ್ರಿಂದ್ಲೂ ಅದ್ರ ದಪ್ಪ ಮಾಡೋ ರೂಪ ಬಂದಿರೋ ದೊಡ್ಡೋರು ಕೂಡ ಸರಾಸರಿ 3 ಕೆಜಿ ಜಾಸ್ತಿ ಇರ್ತಾರೆ ಅಷ್ಟೆ, ಅದೂ ಹಸಿವು ಜಾಸ್ತಿ ಮಾಡಿ. ಹಾಗಾಗಿ ಯಜಮಾನ್ರು ಎಲ್ಲಾನೂ ವಂಶದ ಮೇಲೆ ಹಾಕಿ ಕೂತ್ಕೊಳೋ ಹಾಗಿಲ್ಲ.

ಈಗ ನಿಮ್ಮತ್ತೆ ಮಾತು. 1993ರಲ್ಲಿ ಬಂದ ಅಮೆರಿಕದ ಡಿಸಿಸಿಟಿ ಸ್ಟಡೀಲಿ ಶುಗರ್ ಬಿಗಿಯಾಗಿ ಇಟ್ಕೊಂಡೋರಿಗೆ ಕಣ್ಣು, ಕಿಡ್ನಿ, ನರ ಉಳೀತು ನಿಜ, ಆದ್ರೆ ತೂಕಾನೂ ಏರ್ತು, ಲೋ ಆಗೋದೂ (ಶುಗರ್ ತೀರಾ ಇಳಿಯೋದು) ಜಾಸ್ತಿ ಆಯ್ತು. ನಂಗೆ ಅನುಮಾನ ಇರೋದು ಈ ಲೋ ಮೇಲೇನೇ. ಶುಗರ್ 70ಕ್ಕಿಂತ ಕೆಳಗಿಳಿದ್ರೆ ಈ ವಯಸ್ಸಿಗೆ ಮೂರು ಟೀಚಮಚ ಸಕ್ಕರೆ ನೀರಲ್ಲಿ ಕೊಟ್ಟು 15 ನಿಮಿಷ ಬಿಟ್ಟು ಚೆಕ್ ಮಾಡಿದ್ರೆ ಸಾಕು, ಆದ್ರೆ ಮನೇಲಿ ಗಾಬರಿಗೆ ಸಕ್ಕರೆ, ಆಮೇಲೆ ಬಿಸ್ಕೆಟ್ ಪ್ಯಾಕು, ಅಜ್ಜಿ ಕಡೆಯಿಂದ ಒಂದು ಲಡ್ಡು (ಅಜ್ಜೀರು ಕೇಳ್ತಾರಾ!). ವಾರಕ್ಕೆ ನಾಲ್ಕೈದು ಸಲ ಹಿಂಗಾದ್ರೆ ತೂಕ ಏರ್ದೇ ಏನ್ಮಾಡುತ್ತೆ? ಪದೇ ಪದೇ ಲೋ ಆಗ್ತಿದ್ರೆ ಡೋಸ್ ನಿಜಕ್ಕೂ ಜಾಸ್ತಿ ಇರ್ಬಹುದು, ಆಗ ನಿಮ್ ಡಾಕ್ಟ್ರೇ ಇಳಿಸ್ತಾರೆ.

ಇನ್ನೊಂದು, ಮಗು ಎದುರಿಗೆ ದಪ್ಪ ದಪ್ಪ ಅನ್ಬೇಡಿ. ಸಣ್ಣ ಆಗೋಕೆ ಕದ್ದು ಇನ್ಸುಲಿನ್ ಬಿಡೋ ಹುಡುಗೀರು ಇದಾರೆ, ಕೀಟೋನ್ (ಇನ್ಸುಲಿನ್ ಇಲ್ದೇ ಕೊಬ್ಬು ಕರಗುವಾಗ ರಕ್ತಕ್ಕೆ ಸೇರೋ ಆಮ್ಲ) ಏರಿ ಐಸಿಯು ಸೇರೋದು ಹಂಗೇನೇ. ಮುಂದಿನ ಸಲ ಹೋಗುವಾಗ ಲೋ ಆದ ದಿನ, ಟೈಮು, ಏನ್ ಕೊಟ್ರಿ ಅಂತ ಬರ್ಕೊಂಡು ಹೋಗಿ, ಸ್ಕೂಲಲ್ಲಿ ಹಳೇ ಎತ್ತರ ತೂಕ ಸಿಕ್ರೆ ಅದ್ನೂ ತಗೊಳಿ, ಥೈರಾಯ್ಡ್ ಟೆಸ್ಟ್ ಆಗಿದ್ಯಾ ಅಂತ ಕೇಳಿ.