ಕಿಟಕಿಗೆ ಪೇಪರ್ ಅಂಟಿಸಿದ ತಮ್ಮ

ಪ್ರಶ್ನೆ: ನನ್ನ ತಮ್ಮನಿಗೆ 23 ವರ್ಷ. ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ರಾತ್ರಿ ಪಾಳಿಯ ಕೆಲಸ. 12 ದಿನಗಳಿಂದ ಅವನು ಸರಿಯಾಗಿ ಮಲಗಿಲ್ಲ. ಪಕ್ಕದ ಮನೆಯವರು ಗೋಡೆಯ ಆಚೆಯಿಂದ ತನ್ನನ್ನು ಬೈಯುತ್ತಾರೆ, ಮೊಬೈಲಿನ ಮೂಲಕ ತನ್ನ ಯೋಚನೆಗಳನ್ನು ಕದಿಯುತ್ತಾರೆ ಎಂದು ಹೇಳಿ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಅಮ್ಮ ಊರಿನಲ್ಲಿ ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸಿದ್ದಾರೆ. ದೈವದ ದೋಷ ಕಂಡಿದೆಯಂತೆ, ಮುಂದಿನ ವಾರ ರೈಲಿನಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗಲೇಬೇಕು ಎನ್ನುತ್ತಾರೆ. ಸೋದರಮಾವ, ‘ಚಹಾದಲ್ಲಿ ಮಾತ್ರೆ ಬೆರೆಸಿ ಕೊಡು, ನಿನ್ನ ಮದುವೆಯ ಮಾತುಕತೆ ಮುಗಿಯುವ ತನಕ ಯಾರಿಗೂ ಗೊತ್ತಾಗಬಾರದು’ ಎನ್ನುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘12 ದಿನ’ ಎಂಬ ಮಾತಿನ ಮೇಲೆ. ಚೆನ್ನಾಗಿಯೇ ಇದ್ದ ಹುಡುಗ ಎರಡು ವಾರದೊಳಗೆ ಹೀಗಾಗಿದ್ದಾನೆಂದರೆ ಮುಂದಿನ ವಾರದ ತನಕ ಕಾಯುವುದು ಸರಿಯಲ್ಲ, ನಾಳೆಯೇ ವೈದ್ಯರಿಗೆ ತೋರಿಸಿ. ಇಲ್ಲದ ದನಿ ಕೇಳುವುದು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂದು ಬಲವಾಗಿ ನಂಬುವುದು, ನಿದ್ರೆ ಹಾರಿಹೋಗುವುದು, ಮಾತಿನ ಎಳೆ ತಪ್ಪುವುದು, ಇಂಥವು ಕೂಡಿಕೊಂಡು ಬಂದಾಗ ವೈದ್ಯರು ಅದನ್ನು ಸೈಕೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಚಿತ್ತವಿಕಲತೆ ಎಂಬ ಪದವಿದೆ. ಜ್ವರದ ಹಾಗೆ ಇದರ ಹಿಂದೆಯೂ ಬೇರೆ ಬೇರೆ ಕಾರಣಗಳಿರಬಹುದು: ಗಾಂಜಾ, ಥೈರಾಯ್ಡಿನ ತೊಂದರೆ, ಮೆದುಳಿನ ಸೋಂಕು, ಕೆಲವು ಔಷಧಿಗಳು, ಅಥವಾ ಈಗಷ್ಟೇ ತಲೆ ಎತ್ತುತ್ತಿರುವ ಮಾನಸಿಕ ಕಾಯಿಲೆ. ಹೀಗಾಗಿ ದೇಹದ ತಪಾಸಣೆ, ರಕ್ತಪರೀಕ್ಷೆ ಮೊದಲಾಗಬೇಕು. ಜ್ವರ, ಫಿಟ್ಸ್, ಹೊತ್ತು ಗೊತ್ತು ತಿಳಿಯದ ಮಂಪರು ಇದ್ದರೆ ನಾಳೆಯನ್ನೂ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಹೀಗೆ ಥಟ್ಟನೆ ಶುರುವಾದ ಚಿತ್ತವಿಕಲತೆ ಚಿಕಿತ್ಸೆ ಸಿಕ್ಕರೆ ಕೆಲವು ವಾರ, ತಿಂಗಳುಗಳಲ್ಲಿ ಪೂರ್ತಿ ವಾಸಿಯಾಗುವುದೂ ಉಂಟು. ಚಿಕಿತ್ಸೆಯಿಲ್ಲದೆ ಕಳೆದ ದಿನಗಳು ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುತ್ತದೆ.

ಅಮ್ಮನ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ, ನೀವೂ ಹೀಗಳೆಯಬೇಡಿ. ಹರಕೆ ಹೊರುವುದಿದ್ದರೆ ಇಲ್ಲಿಂದಲೇ ಹೊರಲಿ, ದೈವದ ಸೇವೆ ಅವನು ಗುಣವಾದ ಮೇಲೆ ಆಗಲಿ. ಆದರೆ ನಿದ್ರೆಗೆಟ್ಟು, ಪ್ರತಿಯೊಂದು ಮುಖಕ್ಕೂ ಹೆದರುವ ಹುಡುಗನನ್ನು ರಾತ್ರಿಯಿಡೀ ಓಡುವ, ಬಾಗಿಲು ತೆರೆದೇ ಇರುವ ಬೋಗಿಯಲ್ಲಿ ಕೂರಿಸುವುದು ಅಪಾಯವೆಂದು ಅವರಿಗೆ ಬಿಡಿಸಿ ಹೇಳಿ. ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ದರ್ಗಾದ ಬಳಿ ಗುಣವಾಗಲೆಂದು ತಂದಿರಿಸಿ ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಊರಿನಲ್ಲಿ ಯಾರಾದರೂ ಕಟ್ಟಿಹಾಕುವ ಮಾತೆತ್ತಿದರೆ ಖಡಾಖಂಡಿತವಾಗಿ ಬೇಡವೆನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ.

ಈಗ ಅವನೊಡನೆ ಮಾತಾಡುವ ಬಗೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಬ್ಬ ಬಾಣಂತಿಗೆ ಇಂಥದೇ ಸ್ಥಿತಿ ಬಂದಿತ್ತು. ಅಟ್ಟದ ಮೇಲೆ ಯಾರೋ ಮಗುವನ್ನು ಕೇಳುತ್ತಿದ್ದಾರೆ ಎಂದು ಅವರು ನಡುಗಿದರೆ, ಮನೆಮಂದಿಯೆಲ್ಲ ಸುತ್ತ ನಿಂತು ‘ಯಾರೂ ಇಲ್ಲ, ಸುಮ್ಮನಿರು’ ಎಂದು ಗದರುತ್ತಿದ್ದರು. ಎಷ್ಟೋ ವರ್ಷಗಳ ನಂತರ ಅವರೇ ಹೇಳಿದರು: ‘ನೀವು ಗದರಿದಷ್ಟೂ ನೀವೂ ಅವರ ಕಡೆಯವರೇ ಅನ್ನಿಸುತ್ತಿತ್ತು.’ ತಮ್ಮನಿಗೆ ಆ ದನಿಗಳು ನಿಮ್ಮ ದನಿಯಷ್ಟೇ ಸ್ಪಷ್ಟವಾಗಿ ಕೇಳುತ್ತವೆ, ವಾದದಿಂದ ಅವು ನಿಲ್ಲುವುದಿಲ್ಲ. ಹಾಗೆಂದು ‘ಹೌದು, ನನಗೂ ಕೇಳಿಸುತ್ತದೆ’ ಎನ್ನಬೇಡಿ, ಭಯ ಇಮ್ಮಡಿಯಾಗುತ್ತದೆ. ‘ನನಗೆ ಕೇಳಿಸುತ್ತಿಲ್ಲ ತಮ್ಮಾ, ಆದರೆ ನಿನಗೆ ತುಂಬಾ ಹೆದರಿಕೆಯಾಗಿದೆ ಅಂತ ಕಾಣ್ತದೆ, ನಾನು ಇಲ್ಲೇ ಕೂತಿರ್ತೇನೆ’ ಎಂದು ಮೆಲ್ಲಗೆ, ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿ. ಅವನು ಬಾಗಿಲ ಬಳಿಯಿದ್ದರೆ ದಾರಿಗಡ್ಡ ನಿಲ್ಲಬೇಡಿ, ಕೇಳದೆ ಮೈಮುಟ್ಟಬೇಡಿ. ಟಿ.ವಿ. ಆರಿಸಿ. ಕಿಟಕಿಯ ಪೇಪರನ್ನು ಸದ್ಯಕ್ಕೆ ಯಾರೂ ಕಿತ್ತುಹಾಕುವುದು ಬೇಡ, ಅದು ಅವನಿಗೆ ರಕ್ಷಣೆಯೆನಿಸಿದೆ. ದನಿಗಳು ಏನನ್ನಾದರೂ ಮಾಡೆಂದು ಆಜ್ಞಾಪಿಸುತ್ತವೆಯೇ, ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಆ ಕ್ಷಣದಿಂದ ಅವನನ್ನು ಒಬ್ಬನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ವೈದ್ಯರ ಬಳಿಗೆ ಕರೆಯುವಾಗ ‘ನಿನಗೆ ತಲೆ ಕೆಟ್ಟಿದೆ’ ಎಂಬ ಮಾತು ಬೇಡ. ‘12 ದಿನದಿಂದ ನಿದ್ರೆಯಿಲ್ಲ, ಅದಕ್ಕೊಂದು ದಾರಿ ಕೇಳೋಣ’ ಎನ್ನಿ. ಅದು ನಿಜವೂ ಹೌದು, ಅವನೂ ಒಪ್ಪಬಹುದು. ಠಾಣೆಯಲ್ಲಿ 1901ರಿಂದ ನಡೆದುಬಂದಿರುವ ಸರಕಾರಿ ಪ್ರಾದೇಶಿಕ ಮನೋರೋಗಾಲಯ ನಿಮಗೆ ಹತ್ತಿರ. ಮುಂಬಯಿಯಲ್ಲಿ ಸಾಯನ್, ಪರೇಲಿನ ಕೆ.ಇ.ಎಂ., ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲು ಬೇಡ, ಟ್ಯಾಕ್ಸಿ ಮಾಡಿ. ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಮಾಡಿಸಿದ ಮೇಲೆ ವೈದ್ಯರು ಮರಾಠಿಯಲ್ಲೋ ಹಿಂದಿಯಲ್ಲೋ ಪ್ರಶ್ನೆ ಕೇಳುತ್ತಾರೆ, ತಮ್ಮ ಅವರಿಗೆ ಹಿಂದಿಯಲ್ಲೇ ‘ಹೌದು, ಇಲ್ಲ’ ಎನ್ನಬಲ್ಲ. ಆದರೆ ಒಳಗಿನ ಭಯವನ್ನು ಮನೆಮಾತಿನಲ್ಲಿ ಮಾತ್ರ ಬಿಚ್ಚಿ ಹೇಳಬಲ್ಲ. ಆದ್ದರಿಂದ ನೀವೇ ಜೊತೆಗಿರಿ. ಯಾವಾಗ ಶುರುವಾಯಿತು, ಎಷ್ಟು ಗಂಟೆ ಮಲಗಿದ, ಏನು ತಿಂದ, ಗಾಂಜಾ ಅಥವಾ ಕುಡಿತ ಇತ್ತೇ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೊಯ್ಯಿರಿ. ಅವನು ಏನು ಮಾಡಿದರೂ ಒಪ್ಪದೆ ಅಪಾಯ ಎದುರಾದರೆ, ನಾನು ಹೇಳಿದ ಕಾಯ್ದೆಯಲ್ಲೇ ದಾರಿಯಿದೆ: ತುರ್ತು ಚಿಕಿತ್ಸೆಗೆ 72 ಗಂಟೆಗಳ ಅವಕಾಶ, ವೈದ್ಯರು ಪರೀಕ್ಷಿಸಿ ಅಗತ್ಯವೆಂದರೆ 30 ದಿನಗಳ ತನಕ ದಾಖಲು. ಅರ್ಧರಾತ್ರಿ ದಿಕ್ಕು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತದೆ.

ಮಾವನ ಚಹಾದ ಉಪಾಯವನ್ನು ನಾನು ಒಪ್ಪಲಾರೆ. ಯಾರೋ ತನಗೆ ವಿಷ ಹಾಕುತ್ತಿದ್ದಾರೆಂಬ ಶಂಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ಲೋಟದ ತಳದಲ್ಲಿ ಕರಗದ ಒಂದು ಚೂರು ಸಿಕ್ಕರೆ ಸಾಕು, ಆ ಶಂಕೆ ನಿಜವೆಂದು ನೀವೇ ಸಾಬೀತು ಮಾಡಿದಂತಾಗುತ್ತದೆ, ಮುಂದೆ ನಿಮ್ಮ ಕೈಯ ಅನ್ನವನ್ನೂ ಅವನು ಮುಟ್ಟಲಿಕ್ಕಿಲ್ಲ. ಅಡ್ಡಪರಿಣಾಮ ಕಂಡರೆ ಯಾವುದರಿಂದ ಎಂದು ಹೇಳಲೂ ಅವನಿಗೆ ತಿಳಿಯದು. ಮಾತ್ರೆ ನುಂಗಲೊಪ್ಪದಿದ್ದರೆ ಬಾಯಲ್ಲೇ ಕರಗುವ ಮಾತ್ರೆ, ಚುಚ್ಚುಮದ್ದುಗಳಿವೆ, ವೈದ್ಯರನ್ನೇ ಕೇಳಿ. ಔಷಧಿ ಶುರುವಾದ ಮೇಲೆ ನಿದ್ರೆ, ಚಡಪಡಿಕೆ ಕೆಲವೇ ದಿನಗಳಲ್ಲಿ ಹದಕ್ಕೆ ಬರುತ್ತವೆ. ಗೋಡೆಯಾಚೆಯ ದನಿಗಳ ಮೇಲಿನ ನಂಬಿಕೆ ಸಡಿಲವಾಗಲು ವಾರಗಳೇ ಬೇಕು. ಕತ್ತು ಒಂದೇ ಕಡೆಗೆ ಸೆಟೆದುಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿ ನಿಂತರೆ ದೈವ ಮೈಮೇಲೆ ಬಂತೆಂದು ಅಮ್ಮ ಕೈಮುಗಿಯಬಹುದು. ಅದು ಔಷಧಿಯ ಅಡ್ಡಪರಿಣಾಮ, ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್‌ಗೆ ಇಳಿಯುತ್ತದೆ. ಜೋರು ಜ್ವರದೊಂದಿಗೆ ಮೈಯೆಲ್ಲ ಬಿಗಿದರೆ ಮಾತ್ರ ಒಂದು ಗಳಿಗೆಯೂ ತಡ ಮಾಡಬೇಡಿ. ಹುಷಾರಾದನೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ; ಎಷ್ಟು ಕಾಲ ಬೇಕೆಂಬುದನ್ನು ವೈದ್ಯರು ತೀರ್ಮಾನಿಸಲಿ, ಅದು ಒಂದು ವರ್ಷವೂ ಆಗಬಹುದು. ರಾತ್ರಿ ಪಾಳಿಯನ್ನಂತೂ ಬಿಡಿಸಿ.

ನಿಮ್ಮ ಮದುವೆಯ ಮಾತುಕತೆಯನ್ನು ಎರಡು ತಿಂಗಳು ಮುಂದೂಡುವುದರಲ್ಲಿ ತಪ್ಪೇನೂ ಇಲ್ಲ. ಊರಿಗೆಲ್ಲ ಸಾರಬೇಕಿಲ್ಲ, ಆದರೆ ಗುಟ್ಟು ಕಾಯುವುದಕ್ಕಾಗಿ ಚಿಕಿತ್ಸೆ ತಡವಾಗುವುದು ಬೇಡ. ಮಾವನಿಗೆ ನಿಜವಾಗಿಯೂ ನೆರವಾಗುವ ಮನಸ್ಸಿದ್ದರೆ ಇವತ್ತು ರಾತ್ರಿ 2ರಿಂದ ಬೆಳಗಿನ 6ರ ತನಕ ಹುಡುಗನ ಬಳಿ ಕೂರಲು ಹೇಳಿ. ಆ ನಾಲ್ಕು ಗಂಟೆ ನೀವೂ ಅಮ್ಮನೂ ಮಲಗಿ. ಬೆಳಿಗ್ಗೆ ಆಸ್ಪತ್ರೆಯಲ್ಲಿ ನೀವು ಎಚ್ಚರವಾಗಿರಬೇಕು.